ನಾಲ್ಕನೇ ಪುಟದ ಪಾಲಾದವರು

ಶಿವಾನ್ ರಾಫ್ ಮತ್ತು ಆಡಂ ರಾಫ್ ಇಂಗ್ಲೆಂಡಿನ ದಂಪತಿ. ಇಬ್ಬರೂ ಕಂಪ್ಯೂಟರ್ ಬಲ್ಲವರು. ಒಳ್ಳೆಯ ಸಂಬಳದ ಕೆಲಸ ಬಿಟ್ಟು ‘ಫೌಂಡೆಮ್’ ಎಂಬ ಬೆಲೆ ಹೋಲಿಕೆ ಜಾಲತಾಣ ಕಟ್ಟಿ, 2006ರ ಜೂನ್‌ನಲ್ಲಿ ಅದನ್ನು ಜನರ ಮುಂದಿಟ್ಟರು. ಕ್ಯಾಮೆರಾ ಬೇಕೆಂದರೆ ಯಾವ ಆನ್‌ಲೈನ್ ಅಂಗಡಿಯಲ್ಲಿ ಎಷ್ಟು, ವಿಮಾನದ ಟಿಕೆಟ್ ಯಾರಲ್ಲಿ ಅಗ್ಗ ಎಂದು ಹತ್ತಾರು ತಾಣಗಳನ್ನು ಒಟ್ಟಿಗೇ ವಿಚಾರಿಸಿ ಒಂದೇ ಪಟ್ಟಿಯಲ್ಲಿ ತೋರಿಸುವ ತಂತ್ರ ಅವರದು. ಕೆಲವೇ ದಿನಗಳಲ್ಲಿ ಗೂಗಲ್‌ನಿಂದ ಬರುತ್ತಿದ್ದ ಜನ ನಿಂತುಹೋದರು. ‘ಬೆಲೆ ಹೋಲಿಕೆ’ ಎಂದು ಹುಡುಕಿದರೂ ಫೌಂಡೆಮ್ ಎಷ್ಟೋ ಪುಟಗಳಾಚೆ ಹೂತುಹೋಗಿತ್ತು. ಅದೇ ಹೊತ್ತಿಗೆ ಬೇರೆ ಸರ್ಚ್ ಎಂಜಿನ್‌ಗಳಲ್ಲಿ ಅದು ತನ್ನ ಜಾಗದಲ್ಲೇ ಕಾಣುತ್ತಿತ್ತು.

ಆಗಿದ್ದಿಷ್ಟು. ಕಸದ ತಾಣಗಳನ್ನು ಸೋಸಲು ಗೂಗಲ್ ಇಟ್ಟಿದ್ದ ಸ್ವಯಂಚಾಲಿತ ಜರಡಿಗೆ ಫೌಂಡೆಮ್ ಸಿಕ್ಕಿತ್ತು. ಉಚಿತ ಫಲಿತಾಂಶದಲ್ಲಿ ಜಾಗ ಹೋಯಿತಲ್ಲ, ಜಾಹೀರಾತು ಕೊಟ್ಟಾದರೂ ಕಾಣಿಸಿಕೊಳ್ಳೋಣ ಎಂದರೆ ಅಲ್ಲೂ ಬಾಗಿಲು ಮುಚ್ಚಿತು. ಒಂದು ಕ್ಲಿಕ್ಕಿಗೆ 5 ಪೆನ್ಸ್ ಇದ್ದ ಕನಿಷ್ಠ ದರ ಅವರ ಪಾಲಿಗೆ 5 ಪೌಂಡ್ ಆಯಿತು. ಒಬ್ಬ ಗಿರಾಕಿಯನ್ನು ಅಂಗಡಿಗೆ ಕಳಿಸಿದರೆ ಕೆಲವು ಪೆನ್ಸ್ ಸಿಗುವ ಕಸುಬಿನಲ್ಲಿ ಆ ಗಿರಾಕಿಯನ್ನು ಕರೆತರಲು 5 ಪೌಂಡ್ ತೆತ್ತು ಯಾರು ಬದುಕಿಯಾರು? ಜಾಹೀರಾತಿನ ಈ ದಂಡನೆ ತೆರವಾಗಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಹುಡುಕಾಟದ ಫಲಿತಾಂಶದಲ್ಲಿ ಅವರ ಜಾಗ ಮರಳಿದ್ದು 2009ರ ಡಿಸೆಂಬರ್‌ನಲ್ಲಿ.

ಮೂರೂವರೆ ವರ್ಷವೆಂದರೆ ಇಂಟರ್‌ನೆಟ್ ವ್ಯಾಪಾರದಲ್ಲಿ ಒಂದು ತಲೆಮಾರು. ಈ ದಂಪತಿಗೆ ಆದದ್ದು ಆಮೇಲಿನ ವರ್ಷಗಳಲ್ಲಿ ಒಂದಿಡೀ ಕಸುಬಿಗೇ ಆಯಿತು. ಆ ಕಸುಬು ಹೇಗೆ ಹುಟ್ಟಿತು, ಅದಕ್ಕೆ ದಾರಿ ತೋರಿದ ಸರ್ಚ್ ಎಂಜಿನ್ನೇ ಅಂಗಡಿ ಬೀದಿಗೆ ಇಳಿದಾಗ ಏನಾಯಿತು ಎಂಬುದನ್ನು ಬರೆದಿಡಬೇಕು. ಆನ್‌ಲೈನ್‌ನಲ್ಲಿ ಒಂದು ಮಿಕ್ಸಿ ಕೊಳ್ಳುವಾಗ ಇಂದು ನಮ್ಮ ಕಣ್ಣಿಗೆ ಮೊದಲು ಬೀಳುವುದು ಏನು, ಬೀಳದೇ ಹೋಗುವುದು ಏನು ಎಂಬುದು ಆ ವರ್ಷಗಳಲ್ಲೇ ತೀರ್ಮಾನವಾಯಿತು.

ಕಸುಬಿನ ಮೂಲ ಸರಳ. 1996ರ ಜುಲೈನಲ್ಲಿ ಅಮೆಜಾನ್ ‘ಅಸೋಸಿಯೇಟ್ಸ್’ ಎಂಬ ಏರ್ಪಾಟು ತಂದಿತು. ತೋಟಗಾರಿಕೆಯ ಬಗ್ಗೆಯೋ ಅಡುಗೆಯ ಬಗ್ಗೆಯೋ ಜಾಲತಾಣ ನಡೆಸುವವರು ತಮ್ಮ ಪುಟದಲ್ಲಿ ಒಂದು ಪುಸ್ತಕದ ಲಿಂಕ್ ಹಾಕುತ್ತಾರೆ. ಲಿಂಕಿನ ಬಾಲಕ್ಕೆ ಅವರ ಗುರುತಿನ ಚೀಟಿಯಂಥ ಕೆಲವು ಅಕ್ಷರ ಅಂಟಿರುತ್ತವೆ. ಓದುಗ ಅದನ್ನು ಒತ್ತಿ ಪುಸ್ತಕ ಕೊಂಡರೆ ತಾಣದವರಿಗೆ ಕಮಿಷನ್. ಇಂಥ ಕರಾರು ಅಮೆಜಾನ್‌ಗಿಂತ ಮೊದಲೂ ಕೆಲವು ಕಡೆ ಇತ್ತು, ಆದರೆ ಅದು ಮನೆಮಾತಾದದ್ದು ಅಮೆಜಾನ್‌ನಿಂದ. ಅಫಿಲಿಯೇಟ್ ಎಂಬ ಹೆಸರಿನಲ್ಲಿ ಲಕ್ಷಾಂತರ ಸಣ್ಣ ತಾಣಗಳು ಹುಟ್ಟಿದವು. ಇವುಗಳಿಗೆ ಗೋದಾಮು ಬೇಡ, ಸರಕು ಬೇಡ, ಕೊರಿಯರ್ ಬೇಡ. ಬೇಕಾದದ್ದು ಒಂದೇ, ಬರುವ ಜನ. ಜನ ಬರುತ್ತಿದ್ದದ್ದು ಸರ್ಚ್ ಎಂಜಿನ್‌ನಿಂದ.

ಬೆಲೆ ಹೋಲಿಕೆಯ ತಾಣಗಳು ಇದೇ ಮನೆತನದ ದೊಡ್ಡಣ್ಣಂದಿರು. ಮಾರಾಟವಾದ ಮೇಲೆ ಕಮಿಷನ್ ಪಡೆಯುವ ಬದಲು ಇವು ಸಾಮಾನ್ಯವಾಗಿ ಅಂಗಡಿಗೆ ಕಳಿಸಿದ ಪ್ರತಿ ಕ್ಲಿಕ್ಕಿಗೆ ಇಷ್ಟು ಎಂದು ಹಣ ಪಡೆಯುತ್ತಿದ್ದವು. ಈ ಕತೆಯ ಮೊದಲ ಅಧ್ಯಾಯದಲ್ಲಿ ಭಾರತೀಯರ ಪಾಲೂ ಇದೆ. 1996ರಲ್ಲಿ ಅಮೆರಿಕದಲ್ಲಿ ವೆಂಕಿ ಹರಿನಾರಾಯಣ್, ಆನಂದ್ ರಾಜಾರಾಮನ್, ಆಶಿಶ್ ಗುಪ್ತಾ, ರಾಕೇಶ್ ಮಾಥುರ್ ಮತ್ತಿತರರು ‘ಜಂಗ್ಲಿ’ ಕಂಪನಿ ಕಟ್ಟಿದರು. ಬೇರೆ ಬೇರೆ ತಾಣಗಳಲ್ಲಿ ಚೆದುರಿಬಿದ್ದಿದ್ದ ಮಾಹಿತಿಯನ್ನು ಒಂದೇ ದತ್ತಾಂಶ ಕೋಶದಂತೆ ಹುಡುಕಿಕೊಡುವುದು ಅದರ ಸಾಮರ್ಥ್ಯ. 1998ರಲ್ಲಿ ಅಮೆಜಾನ್ ಅದನ್ನು ಕೊಂಡಿತು. ಮುಂದಿನ ಏಳೆಂಟು ವರ್ಷ ಈ ಕಸುಬಿನ ಸುಗ್ಗಿ. ಫ್ರಾನ್ಸಿನಲ್ಲಿ ಹುಟ್ಟಿದ ಕೆಲ್ಕೂವನ್ನು 2004ರಲ್ಲಿ ಯಾಹೂ 47.5 ಕೋಟಿ ಯೂರೋ ಆಸುಪಾಸಿನ ಬೆಲೆಗೆ ಕೊಂಡಿತು. 2005ರಲ್ಲಿ ಶಾಪಿಂಗ್ ಡಾಟ್ ಕಾಮ್‌ಗೆ ಈಬೇ 60 ಕೋಟಿ ಡಾಲರ್‌ಗೂ ಮೀರಿ ಕೊಟ್ಟಿತು. ಶಾಪ್‌ಝಿಲ್ಲಾಕ್ಕೆ ಸ್ಕ್ರಿಪ್ಸ್ ಪತ್ರಿಕಾ ಸಂಸ್ಥೆ 52.5 ಕೋಟಿ ಡಾಲರ್ ಸುರಿಯಿತು. ರಾಫ್ ದಂಪತಿ ಕೆಲಸ ಬಿಟ್ಟು ಈ ಸಾಹಸಕ್ಕೆ ಇಳಿದದ್ದು ಹುಚ್ಚಿನಿಂದಲ್ಲ, ಕಣ್ಣೆದುರು ಇಂಥ ಲೆಕ್ಕಗಳಿದ್ದವು.

ಗೂಗಲ್ ಈ ಬೀದಿಗೆ ಬಂದದ್ದು 2002ರ ಡಿಸೆಂಬರ್‌ನಲ್ಲಿ, ‘ಫ್ರೂಗಲ್’ ಹೆಸರಿನಲ್ಲಿ. ಅದನ್ನು ಕಟ್ಟಿದವರು ಕ್ರೇಗ್ ನೆವಿಲ್-ಮ್ಯಾನಿಂಗ್ ಎಂಬ ನ್ಯೂಜಿಲೆಂಡಿನ ವಿಜ್ಞಾನಿ. ಅಂಗಡಿಗಳು ತಮ್ಮ ಸರಕಿನ ಪಟ್ಟಿ ಕಳಿಸಬಹುದು, ಕಳಿಸದಿದ್ದರೂ ಗೂಗಲ್‌ನ ಯಂತ್ರವೇ ತಾಣಗಳನ್ನು ಸುತ್ತಿ ಬೆಲೆ ಹೆಕ್ಕಿ ತರುತ್ತದೆ. ಯಾರಿಂದಲೂ ಒಂದು ಪೈಸೆ ಇಲ್ಲ. 2004ರಲ್ಲಿ ಷೇರುಪೇಟೆಗೆ ಬಂದಾಗ ಕಂಪನಿ ಸಲ್ಲಿಸಿದ ದಾಖಲೆಯಲ್ಲೇ ಈ ಮಾತಿತ್ತು. ಸೇರಿಸಿಕೊಳ್ಳಲು ನಾವು ವ್ಯಾಪಾರಿಗಳಿಂದ ಹಣ ಪಡೆಯುವುದಿಲ್ಲ, ಹಾಗಾಗಿ ನಮ್ಮ ಫಲಿತಾಂಶ ನಿಷ್ಪಕ್ಷಪಾತ ಎಂದು ಜನ ನಂಬಬಹುದು ಎಂಬುದು ಅದರ ಸಾರ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಆದರೆ ಫ್ರೂಗಲ್ ಓಡಲಿಲ್ಲ. ಅದಕ್ಕೆ ಪ್ರತ್ಯೇಕ ಪುಟ, ಪ್ರತ್ಯೇಕ ವಿಳಾಸ. ಜನ ಮಾಮೂಲಿ ಗೂಗಲ್‌ನಲ್ಲೇ ಹುಡುಕಿ ಕೆಲ್ಕೂಗೋ ಪ್ರೈಸ್‌ಗ್ರ್ಯಾಬರ್‌ಗೋ ಹೋಗುತ್ತಿದ್ದರು. ಫ್ರೂಗಲ್ ಕೆಲಸಕ್ಕೆ ಬಾರದು ಎಂದು 2006ರಲ್ಲಿ ಕಂಪನಿಯ ಒಳಗಿನವರೇ ಬರೆದುಕೊಂಡಿದ್ದ ದಾಖಲೆ ಮುಂದೆ ಗೂಗಲ್ ಮೇಲೆ ತನಿಖೆ ನಡೆಸಿದ ಐರೋಪ್ಯ ಆಯೋಗದ ಕೈಗೆ ಸಿಕ್ಕಿತು. ಬೆಲೆ ಹೋಲಿಕೆ ಎಂಬ ಮಾರುಕಟ್ಟೆಯಲ್ಲಿ ಗೂಗಲ್ ತಡವಾಗಿ ಬಂದು, ಸೋತ ಸ್ಪರ್ಧಿಯಾಗಿತ್ತು. ಇಲ್ಲಿಗೆ ಕತೆ ನಿಂತಿದ್ದರೆ ಅದು ಸಾಮಾನ್ಯ ವ್ಯಾಪಾರದ ಸೋಲು ಗೆಲುವಿನ ಕತೆಯಾಗುತ್ತಿತ್ತು.

2007ರಲ್ಲಿ ಎರಡು ಬದಲಾವಣೆ ಬಂದವು. ಏಪ್ರಿಲ್‌ನಲ್ಲಿ ಫ್ರೂಗಲ್ ಹೆಸರು ಅಳಿಸಿ ‘ಗೂಗಲ್ ಪ್ರಾಡಕ್ಟ್ ಸರ್ಚ್’ ಆಯಿತು. ಮೇ ತಿಂಗಳಲ್ಲಿ ‘ಯೂನಿವರ್ಸಲ್ ಸರ್ಚ್’ ಬಂತು. ಚಿತ್ರ, ಸುದ್ದಿ, ವಿಡಿಯೊ, ನಕಾಶೆ, ಸರಕು ಎಲ್ಲವನ್ನೂ ಮಾಮೂಲಿ ಫಲಿತಾಂಶದ ನಡುವೆಯೇ ಬೆರೆಸಿ ತೋರಿಸುವ ವಿಧಾನ ಅದು. ಬಳಸುವವರಿಗೆ ಇದು ನಿಜಕ್ಕೂ ಅನುಕೂಲ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಬದಲಾವಣೆಯೊಂದಿಗೆ ಗೂಗಲ್‌ನ ಸ್ವಂತ ಬೆಲೆ ಹೋಲಿಕೆಯ ಪೆಟ್ಟಿಗೆ, ಚಿತ್ರ ಮತ್ತು ಬೆಲೆಗಳ ಸಮೇತ, ಪುಟದ ಮೇಲ್ಭಾಗಕ್ಕೆ ಬಂದು ಕೂತಿತು. ಕೆಳಗೆ ಪ್ರತಿಸ್ಪರ್ಧಿಗಳು ಬರಿಯ ನೀಲಿ ಅಕ್ಷರದ ಸಾಲುಗಳಾಗಿ ಉಳಿದರು. ಅದೇ ವರ್ಷ ಸಿಯಾಟಲ್‌ನ ಸಮ್ಮೇಳನವೊಂದರಲ್ಲಿ ಗೂಗಲ್‌ನ ಹಿರಿಯ ಅಧಿಕಾರಿ ಮರಿಸ್ಸಾ ಮೇಯರ್ ಮುಚ್ಚುಮರೆಯಿಲ್ಲದೆ ಮಾತಾಡಿದರು. ಷೇರು ಮಾಹಿತಿಯ ಲಿಂಕ್‌ಗಳನ್ನು ಮೊದಲು ಜನಪ್ರಿಯತೆಯ ಪ್ರಕಾರ ಜೋಡಿಸುತ್ತಿದ್ದೆವು, ಗೂಗಲ್ ಫೈನಾನ್ಸ್ ಬಂದ ಮೇಲೆ ನಮ್ಮ ಲಿಂಕನ್ನು ಮೊದಲಿಟ್ಟೆವು, ಹುಡುಕಾಟದ ಪುಟಕ್ಕೆ ದುಡಿದವರು ನಾವೇ ಆದ್ದರಿಂದ ಅದು ನ್ಯಾಯವೇ ಅಲ್ಲವೇ ಎಂಬುದು ಅವರ ಮಾತಿನ ತಾತ್ಪರ್ಯ. ತನ್ನ ಮನೆಯ ಜಗಲಿಯ ಮೇಲೆ ತನ್ನ ಸಾಮಾನು ಇಡುವ ಹಕ್ಕು ಯಾರಿಗೂ ಇದೆ. ಆದರೆ ಯುರೋಪಿನ ಹುಡುಕಾಟದಲ್ಲಿ ಹತ್ತಕ್ಕೆ ಒಂಬತ್ತು ಗೂಗಲ್ ಮೂಲಕವೇ ನಡೆಯುತ್ತಿದ್ದ ಕಾಲವದು. ಮಂಡಿಯಲ್ಲಿ ತಕ್ಕಡಿ ಹಿಡಿದವನೇ ವ್ಯಾಪಾರಕ್ಕೂ ಕೂತರೆ ರೈತ ಕೇಳುವ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕಿತ್ತು. ಕೇಳುವವರು ಆಗ ಇರಲಿಲ್ಲ.

ಈ ಹಾದಿಯಲ್ಲಿ ಗೂಗಲ್ ಒಂಟಿಯಲ್ಲ ಎಂಬುದನ್ನೂ ಹೇಳಬೇಕು. 2008ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸರ್ಚ್ ಎಂಜಿನ್‌ನಲ್ಲಿ ‘ಕ್ಯಾಶ್‌ಬ್ಯಾಕ್’ ಯೋಜನೆ ತಂದಿತು. ನಮ್ಮಲ್ಲಿ ಹುಡುಕಿ ಕೊಂಡರೆ ಅಂಗಡಿಯಿಂದ ನಮಗೆ ಬರುವ ಕಮಿಷನ್ ನಿಮ್ಮ ಕೈಗೇ ಎಂದಿತು. ಅಫಿಲಿಯೇಟ್ ತಾಣ ಯಾವ ದುಡ್ಡಿನ ಮೇಲೆ ಬದುಕಿತ್ತೋ ಅದನ್ನೇ ಸರ್ಚ್ ಎಂಜಿನ್ ಗಿರಾಕಿಗೆ ಹಂಚಿದ ಪ್ರಸಂಗವಿದು. ಜನ ಹಣ ಪಡೆದರು, ಹುಡುಕುವ ಅಭ್ಯಾಸ ಬದಲಿಸಲಿಲ್ಲ. 2010ರ ಜುಲೈ ಕೊನೆಗೆ ಯೋಜನೆ ನಿಂತಿತು. ಅದೇ ವರ್ಷದ ನವೆಂಬರ್‌ನಲ್ಲಿ ಗೂಗಲ್ ‘ಬೊಟೀಕ್ಸ್ ಡಾಟ್ ಕಾಮ್’ ಎಂಬ ಉಡುಪಿನ ತಾಣವನ್ನೇ ತೆರೆಯಿತು. ಅದಕ್ಕೆ ಸ್ವಲ್ಪ ಮುಂಚೆ ಕೊಂಡಿದ್ದ ಲೈಕ್ ಡಾಟ್ ಕಾಮ್‌ನ ಚಿತ್ರ ಗುರುತಿಸುವ ತಂತ್ರ ಅದರ ಬೆನ್ನಿಗಿತ್ತು. ಅದೂ ಹೆಚ್ಚು ದಿನ ಬಾಳಲಿಲ್ಲ. ಇವೆಲ್ಲ ಸೋತ ಪ್ರಯತ್ನಗಳು. ಅಫಿಲಿಯೇಟ್‌ಗಳಿಗೆ ನಿಜವಾದ ಪೆಟ್ಟು ಬಿದ್ದದ್ದು ಹೊಸ ಅಂಗಡಿಗಳಿಂದಲ್ಲ, ಪುಟದ ಮೇಲಿನ ಆ ಪೆಟ್ಟಿಗೆಯಿಂದ ಮತ್ತು ಅದರ ಕೆಳಗಿನ ಸಾಲುಗಳನ್ನು ಯಾರು ಮೇಲೆ ಯಾರು ಕೆಳಗೆ ಎಂದು ಜೋಡಿಸುತ್ತಿದ್ದ ಸೂತ್ರದಿಂದ.

ಸೂತ್ರದ ಮಾತು ಬಂದರೆ ‘ಪಾಂಡಾ’ವನ್ನು ಬಿಟ್ಟು ಮುಂದೆ ಹೋಗಲಾಗದು. 2011ರ ಫೆಬ್ರವರಿ ಕೊನೆಯ ವಾರ ಅಮೆರಿಕದಲ್ಲಿ ಜಾರಿಗೆ ಬಂದ ಈ ಬದಲಾವಣೆ ಅಲ್ಲಿನ ಹುಡುಕಾಟಗಳಲ್ಲಿ ಶೇ 11.8ರಷ್ಟನ್ನು ಮುಟ್ಟಿತು. ಏಪ್ರಿಲ್‌ನಲ್ಲಿ ಜಗತ್ತಿನ ಎಲ್ಲ ಇಂಗ್ಲಿಷ್ ಹುಡುಕಾಟಕ್ಕೂ ಹಬ್ಬಿತು. ಅದಕ್ಕೆ ತನ್ನ ಹೆಸರು ಕೊಟ್ಟ ಎಂಜಿನಿಯರ್ ನವನೀತ್ ಪಾಂಡಾ, ಅದನ್ನು ಲೋಕಕ್ಕೆ ಪ್ರಕಟಿಸಿದ ಹುಡುಕಾಟ ವಿಭಾಗದ ಮುಖ್ಯಸ್ಥ ಅಮಿತ್ ಸಿಂಘಲ್, ಇಬ್ಬರೂ ಭಾರತೀಯ ಮೂಲದವರು. ಒಂದು ತಾಣ ಒಳ್ಳೆಯದೋ ಕೆಟ್ಟದ್ದೋ ಎಂದು ಯಂತ್ರಕ್ಕೆ ಕಲಿಸಲು ಅವರು ಮೊದಲು ಮನುಷ್ಯರನ್ನು ಕೂರಿಸಿ ಪ್ರಶ್ನೆ ಕೇಳಿದರು. ಈ ತಾಣಕ್ಕೆ ನಿಮ್ಮ ಕ್ರೆಡಿಟ್ ಕಾರ್ಡ್ ಸಂಖ್ಯೆ ಕೊಡುತ್ತೀರಾ? ಇದು ಹೇಳಿದ ಔಷಧಿಯನ್ನು ನಿಮ್ಮ ಮಕ್ಕಳಿಗೆ ಹಾಕುತ್ತೀರಾ? ಬಂದ ಉತ್ತರಗಳಿಗೆ ಹೊಂದುವ ಲಕ್ಷಣಗಳನ್ನು ಯಂತ್ರ ಕಲಿತುಕೊಂಡಿತು.

ಈ ಜರಡಿ ಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಅಫಿಲಿಯೇಟ್ ಹೆಸರಿನಲ್ಲಿ ಆಗ ನಡೆಯುತ್ತಿದ್ದುದರಲ್ಲಿ ಬಹುಪಾಲು ಜೊಳ್ಳು. ಕಂಪನಿ ಕೊಟ್ಟ ವಿವರಣೆಯನ್ನೇ ಹಾಗೆಹಾಗೇ ಅಂಟಿಸಿ, ವಸ್ತುವನ್ನು ಕಣ್ಣಿಂದ ನೋಡದೆ ‘ಅತ್ಯುತ್ತಮ ಹತ್ತು’ ಎಂದು ಪಟ್ಟಿ ಮಾಡಿ, ಸುತ್ತ ಲಿಂಕ್ ಚೆಲ್ಲಿದ ಪುಟಗಳು ಲೆಕ್ಕವಿಲ್ಲದಷ್ಟಿದ್ದವು. ಅಂಥವು ಕೆಳಗಿಳಿದರೆ ಓದುಗನಿಗೆ ಲಾಭವೇ. ತೊಡಕು ಇರುವುದು ಬೇರೆ ಕಡೆ. ಬೆಲೆ ಹೋಲಿಕೆಯ ತಾಣದ ಸ್ವಭಾವವೇ ಇನ್ನೊಬ್ಬರ ಮಾಹಿತಿಯನ್ನು ತಂದು ಪಟ್ಟಿ ಮಾಡುವುದು, ಅಲ್ಲಿಂದ ಹೊರಗೆ ಕಳಿಸುವುದು. ಸರ್ಚ್ ಎಂಜಿನ್ ಮಾಡುವುದೂ ಅದನ್ನೇ. ಸ್ವಂತ ಬರಹವಿಲ್ಲ, ಬೇರೆಯವರದ್ದನ್ನು ನಕಲು ಮಾಡಿದೆ ಎಂದು ಫೌಂಡೆಮ್‌ ಮೇಲೆ ಗೂಗಲ್ ಹೊರಿಸಿದ ದೋಷ ಗೂಗಲ್‌ನದೇ ಪ್ರಾಡಕ್ಟ್ ಸರ್ಚ್‌ಗೂ ಅಷ್ಟೇ ಸಲ್ಲುತ್ತಿತ್ತು. ಆದರೆ ಕೆಳಗಿಳಿಸುವ ಸೂತ್ರಗಳು ಆ ಸೇವೆಗೆ ಅನ್ವಯಿಸುತ್ತಿರಲಿಲ್ಲ. ಇದು ನಾನು ಊಹಿಸಿ ಹೇಳುತ್ತಿರುವುದಲ್ಲ, ವರ್ಷಗಟ್ಟಲೆ ತನಿಖೆಯ ನಂತರ ಐರೋಪ್ಯ ಆಯೋಗ ದಾಖಲಿಸಿದ ಸಂಗತಿ.

ನಡುವೆ ಫೌಂಡೆಮ್‌ಗೆ ಒಂದು ಒಳ್ಳೆಯ ದಿನವೂ ಬಂದಿತ್ತು. 2008ರ ಕ್ರಿಸ್‌ಮಸ್ ಸಮೀಪಿಸಿದಾಗ ತಾಣ ಒಮ್ಮೆಲೇ ನಿಧಾನವಾಯಿತು, ಪುಟ ತೆರೆಯದಷ್ಟು. ಯಾರೋ ದಾಳಿ ಮಾಡಿದ್ದಾರೆಂದೇ ದಂಪತಿಗೆ ಮೊದಲು ಅನಿಸಿತು. ನೋಡಿದರೆ ಬ್ರಿಟನ್ನಿನ ಚಾನೆಲ್ 5ರ ‘ದಿ ಗ್ಯಾಡ್ಜೆಟ್ ಶೋ’ ಕಾರ್ಯಕ್ರಮ ಫೌಂಡೆಮ್ ಅನ್ನು ದೇಶದ ಅತ್ಯುತ್ತಮ ಬೆಲೆ ಹೋಲಿಕೆ ತಾಣವೆಂದು ಸಾರಿತ್ತು, ಜನ ನುಗ್ಗಿದ್ದರು. ಟಿವಿಯಲ್ಲಿ ದೇಶಕ್ಕೇ ಮೊದಲನೆಯದು ಎನಿಸಿಕೊಂಡ ತಾಣ ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ. ಇದನ್ನು ಹಿಡಿದುಕೊಂಡು ಅವರು ಮತ್ತೆ ಗೂಗಲ್‌ನ ಕದ ತಟ್ಟಿದರು, ಫಲ ಸಿಗಲಿಲ್ಲ. 2009ರಲ್ಲಿ ಐರೋಪ್ಯ ಆಯೋಗಕ್ಕೆ ದೂರು ಕೊಟ್ಟರು. ಆ ಡಿಸೆಂಬರ್ 27ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಆಡಂ ರಾಫ್ ಲೇಖನ ಬರೆದರು. ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿಗಳು ಎಲ್ಲರ ಮಾಹಿತಿಯನ್ನೂ ಸಮಾನವಾಗಿ ಸಾಗಿಸಬೇಕು ಎನ್ನುತ್ತೇವೆ, ಹುಡುಕಾಟಕ್ಕೂ ಅಂಥ ತಟಸ್ಥ ನೀತಿ ಬೇಕಲ್ಲವೇ ಎಂಬುದು ಅವರ ವಾದ. ಜಗತ್ತಿನ ಮುಂದೆ ಈ ಮಾತನ್ನು ಇಷ್ಟು ಸ್ಪಷ್ಟವಾಗಿ ಇಟ್ಟವರು ದೊಡ್ಡ ಕಂಪನಿಯವರಲ್ಲ, ತಮ್ಮ ತಾಣ ಕಣ್ಣೆದುರೇ ಸೊರಗುವುದನ್ನು ಕಂಡ ಇಬ್ಬರು. ನನಗೆ ಅವರ ಮೇಲೆ ಗೌರವ ಮೂಡುವುದು ಅದಕ್ಕೇ.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಈ ಪ್ರಶ್ನೆ 2011ರ ಸೆಪ್ಟೆಂಬರ್ 21ರಂದು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಬಂತು. ಗೂಗಲ್ ಪರವಾಗಿ ಎರಿಕ್ ಶ್ಮಿಟ್ ಹಾಜರಿದ್ದರು. ಸೆನೆಟರ್ ಮೈಕ್ ಲೀ ಒಂದು ನಕ್ಷೆ ಎತ್ತಿ ತೋರಿಸಿದರು. ನೂರಾರು ವಸ್ತುಗಳನ್ನು ಹುಡುಕಿದಾಗ ಬೆಲೆ ಹೋಲಿಕೆ ತಾಣಗಳು ಯಾವ ಸ್ಥಾನದಲ್ಲಿ ಬರುತ್ತವೆ ಎಂಬ ನಕ್ಷೆ ಅದು. ಬೇರೆ ತಾಣಗಳ ಸ್ಥಾನ ಹುಡುಕಾಟದಿಂದ ಹುಡುಕಾಟಕ್ಕೆ ಏರಿಳಿಯುತ್ತಿತ್ತು. ಗೂಗಲ್‌ನ ಸ್ವಂತ ಸೇವೆ ಮಾತ್ರ ಹೆಚ್ಚುಕಡಿಮೆ ಪ್ರತಿ ಸಲವೂ ಮೂರನೆಯ ಸ್ಥಾನದಲ್ಲಿ ಗೆರೆ ಎಳೆದಂತೆ ನಿಂತಿತ್ತು. ಇದನ್ನು ನೀವೇ ಬೇಯಿಸಿದ್ದೀರಿ ಎಂದರು ಲೀ. ನಾವು ಏನನ್ನೂ ಬೇಯಿಸಿಲ್ಲ ಎಂದು ಶ್ಮಿಟ್ ಭರವಸೆ ಕೊಟ್ಟರು. ಅದೇ ದಿನ ನೆಕ್ಸ್‌ಟ್ಯಾಗ್ ಎಂಬ ಬೆಲೆ ಹೋಲಿಕೆ ಕಂಪನಿಯ ಮುಖ್ಯಸ್ಥ ಜೆಫ್ರಿ ಕ್ಯಾಟ್ಜ್, ವಿಮರ್ಶೆಗಳ ತಾಣ ಯೆಲ್ಪ್‌ನ ಜೆರೆಮಿ ಸ್ಟಾಪಲ್‌ಮನ್ ಸಾಕ್ಷ್ಯ ನುಡಿದರು. ತನಿಖೆ ನಡೆಸಿದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರ ಜನವರಿಯಲ್ಲಿ ಹುಡುಕಾಟದ ಪಕ್ಷಪಾತದ ಭಾಗವನ್ನು ಸರ್ವಾನುಮತದಿಂದ ಕೈಬಿಟ್ಟಿತು. ಎರಡು ವರ್ಷದ ಮೇಲೆ ಆ ಸಂಸ್ಥೆಯ ಸಿಬ್ಬಂದಿಯ ಒಳವರದಿ, ಒಂದು ಬಿಟ್ಟು ಒಂದು ಪುಟದಂತೆ, ಕೈತಪ್ಪಿ ವಾಲ್‌ಸ್ಟ್ರೀಟ್ ಜರ್ನಲ್ ಪತ್ರಿಕೆಗೆ ಸಿಕ್ಕಿತು. ಗೂಗಲ್ ಪ್ರತಿಸ್ಪರ್ಧಿ ತಾಣಗಳನ್ನು ಕೆಳಗಿಳಿಸಿ ತನ್ನದನ್ನು ಮೇಲಿಟ್ಟ ಬಗೆಯನ್ನು ಸಿಬ್ಬಂದಿ ಅದರಲ್ಲಿ ವಿವರಿಸಿದ್ದರು. ಆದರೂ ಈ ಒಂದು ಅಂಶದ ಮೇಲೆ ಮೊಕದ್ದಮೆ ಹೂಡುವ ಸಲಹೆಯನ್ನು ಅವರೂ ಕೊಟ್ಟಿರಲಿಲ್ಲ.

ತನಿಖೆ ನಡೆಯುತ್ತಿರುವಾಗಲೇ, 2012ರ ಮೇ 31ರಂದು, ಗೂಗಲ್ ಮತ್ತೊಂದು ಹೆಜ್ಜೆ ಇಟ್ಟಿತು. ಪ್ರಾಡಕ್ಟ್ ಸರ್ಚ್ ಇನ್ನು ‘ಗೂಗಲ್ ಶಾಪಿಂಗ್’. ಸರಕು ಅದರಲ್ಲಿ ಕಾಣಬೇಕಾದರೆ ಅಂಗಡಿಯವರು ಹಣ ಕೊಡಬೇಕು. ಆ ಅಕ್ಟೋಬರ್‌ಗೆ ಅಮೆರಿಕದಲ್ಲಿ ಬದಲಾವಣೆ ಪೂರ್ಣವಾಯಿತು, ಮರುವರ್ಷ ಯುರೋಪಿಗೆ ಹರಡಿತು. ಹಣ ಕೊಡುವವರು ತಮ್ಮ ಬೆಲೆ, ದಾಸ್ತಾನಿನ ಮಾಹಿತಿಯನ್ನು ಸರಿಯಾಗಿ ಇಟ್ಟುಕೊಳ್ಳುತ್ತಾರೆ, ಇದರಿಂದ ಕೊಳ್ಳುವವರಿಗೇ ಒಳಿತು ಎಂದು ಕಂಪನಿ ಕಾರಣ ಕೊಟ್ಟಿತು. 2004ರ ದಾಖಲೆಯ ಮಾತು ಎಂಟು ವರ್ಷದಲ್ಲಿ ತಲೆಕೆಳಗಾಗಿತ್ತು. ಕೊಳ್ಳುವವರ ಕಡೆಯಿಂದ ನೋಡಿದರೆ ಇಡೀ ಕತೆಯಲ್ಲಿ ಅತಿ ದೊಡ್ಡ ನಷ್ಟ ಇದೇ ಎಂದು ನನಗನಿಸುತ್ತದೆ. ಮೇಲಿದ್ದ ಪೆಟ್ಟಿಗೆ ಅಲ್ಲಿಯವರೆಗೆ ಹೋಲಿಕೆಯ ಪಟ್ಟಿಯಾಗಿತ್ತು. ಅಂದಿನಿಂದ ಅದು ಜಾಹೀರಾತುಗಳ ಸಾಲು. ಅತಿ ಕಡಿಮೆ ಬೆಲೆ ಹೇಳುವ ಸಣ್ಣ ಅಂಗಡಿ ಹರಾಜಿನಲ್ಲಿ ಬಿಡ್ ಕೂಗದಿದ್ದರೆ ಅದರಲ್ಲಿ ಇರುತ್ತಲೇ ಇರಲಿಲ್ಲ. ಅದನ್ನು ಹುಡುಕಿ ತೋರಿಸಬಲ್ಲವರು ಅಷ್ಟರಲ್ಲಿ ಹಿಂದಿನ ಪುಟಗಳಿಗೆ ಸರಿದಿದ್ದರು.

ಬ್ರಸೆಲ್ಸ್‌ನ ಐರೋಪ್ಯ ಆಯೋಗದಲ್ಲಿ ಕೆಲಸ ಆಮೆಗತಿಯಲ್ಲಿ ಸಾಗಿತು. ವಿಧಿವತ್ ತನಿಖೆ ಶುರುವಾದದ್ದು 2010ರ ನವೆಂಬರ್ 30ರಂದು. ಸ್ಪರ್ಧಾ ವಿಭಾಗ ನೋಡಿಕೊಳ್ಳುತ್ತಿದ್ದ ಹೋಕಿನ್ ಅಲ್ಮುನಿಯಾ ಮೊಕದ್ದಮೆಗಿಂತ ರಾಜಿ ಲೇಸು ಎಂದು ನಂಬಿದವರು. ಗೂಗಲ್ ಒಂದಾದ ಮೇಲೊಂದು ಮೂರು ಸಲ ರಾಜಿ ಸೂತ್ರ ಮುಂದಿಟ್ಟಿತು. ಪೆಟ್ಟಿಗೆಯ ಪಕ್ಕ ಪ್ರತಿಸ್ಪರ್ಧಿಗಳ ಕೊಂಡಿಗೂ ಜಾಗ ಕೊಡುತ್ತೇವೆ, ಆದರೆ ಆ ಜಾಗಕ್ಕೆ ಅವರು ಹರಾಜಿನಲ್ಲಿ ಹಣ ಕೊಡಬೇಕು ಎಂಬ ಬಗೆಯವು ಅವು. 2014ರ ಫೆಬ್ರವರಿಯಲ್ಲಿ ಅಲ್ಮುನಿಯಾ ಬಹುತೇಕ ಒಪ್ಪಿಬಿಟ್ಟಿದ್ದರು. ದೂರುದಾರರೂ ಕೆಲವು ದೇಶಗಳ ರಾಜಕಾರಣಿಗಳೂ ತಿರುಗಿಬಿದ್ದದ್ದರಿಂದ ಸೆಪ್ಟೆಂಬರ್‌ನಲ್ಲಿ ಆ ಪ್ರಯತ್ನ ಮುರಿದುಬಿತ್ತು. ಆ ನವೆಂಬರ್‌ನಲ್ಲಿ ಅಲ್ಮುನಿಯಾ ಜಾಗಕ್ಕೆ ಬಂದ ಡೆನ್ಮಾರ್ಕಿನ ಮಾರ್ಗ್ರೇಟ್ ವೆಸ್ಟಾಯರ್ 2015ರ ಏಪ್ರಿಲ್ 15ರಂದು ಗೂಗಲ್‌ಗೆ ಆರೋಪಪಟ್ಟಿ ಕಳಿಸಿದರು.

2017ರ ಜೂನ್ 27ರಂದು ಹೊರಬಿದ್ದ ಆದೇಶ 242 ಕೋಟಿ ಯೂರೋ ದಂಡ ವಿಧಿಸಿತು. ಸ್ಪರ್ಧಾ ಕಾನೂನಿನಡಿ ಒಂದೇ ಕಂಪನಿಗೆ ಯುರೋಪ್ ಅಷ್ಟರವರೆಗೆ ವಿಧಿಸಿದ ದಂಡಗಳಲ್ಲಿ ಅದೇ ದೊಡ್ಡದು. ಪತ್ರಿಕೆಗಳು ದಂಡದ ಮೊತ್ತವನ್ನೇ ತಲೆಬರಹ ಮಾಡಿದವು. ನನ್ನ ಮನಸ್ಸಿನಲ್ಲಿ ಉಳಿದದ್ದು ಆಯೋಗ ಹಾನಿಯನ್ನು ಅಳೆದ ರೀತಿ. ಸುಮಾರು 170 ಕೋಟಿ ಹುಡುಕಾಟಗಳ ದತ್ತಾಂಶವನ್ನು ಅಧಿಕಾರಿಗಳು ಜಾಲಾಡಿದ್ದರು. ಹುಡುಕಾಟದ ಮೊದಲ ಪುಟದ ಹತ್ತು ಫಲಿತಾಂಶಗಳಿಗೇ ಶೇ 95ರಷ್ಟು ಕ್ಲಿಕ್ ಸಲ್ಲುತ್ತವೆ. ಎರಡನೇ ಪುಟದ ಮೊದಲ ಸಾಲಿಗೆ ಸಿಗುವುದು ಶೇ 1ರಷ್ಟು. ಮೊದಲ ಸ್ಥಾನದಲ್ಲಿದ್ದ ಒಂದು ಲಿಂಕನ್ನು ಮೂರನೆಯದಕ್ಕೆ ಇಳಿಸಿದರೂ ಅದರ ಕ್ಲಿಕ್ ಅರ್ಧದಷ್ಟು ಬೀಳುತ್ತದೆ. ಇಂಥ ಲೋಕದಲ್ಲಿ ಪ್ರತಿಸ್ಪರ್ಧಿ ಬೆಲೆ ಹೋಲಿಕೆ ತಾಣಗಳ ಪೈಕಿ ಎಲ್ಲಕ್ಕಿಂತ ಮೇಲಿದ್ದುದು ಕೂಡ ಸರಾಸರಿಯಲ್ಲಿ ಕಾಣಿಸಿಕೊಳ್ಳುತ್ತಿದ್ದದ್ದು ನಾಲ್ಕನೇ ಪುಟದಲ್ಲಿ. ಯಾವುದೇ ಊರಿನ ಕಚೇರಿಯಲ್ಲಿ ಕೂತ ಯಾರನ್ನಾದರೂ ಕೇಳಿ, ಗೂಗಲ್‌ನ ನಾಲ್ಕನೇ ಪುಟವನ್ನು ಕೊನೆಯ ಸಲ ತೆರೆದದ್ದು ಯಾವಾಗ ಎಂದು.

ಫಲವನ್ನೂ ಆಯೋಗ ದೇಶವಾರು ಲೆಕ್ಕ ಹಾಕಿತು. ಗೂಗಲ್‌ನ ಸ್ವಂತ ಸೇವೆಗೆ ಬರುವ ಜನ ಬ್ರಿಟನ್ನಿನಲ್ಲಿ 45 ಪಟ್ಟು, ಜರ್ಮನಿಯಲ್ಲಿ 35 ಪಟ್ಟು, ಫ್ರಾನ್ಸಿನಲ್ಲಿ 19 ಪಟ್ಟು ಹೆಚ್ಚಿದ್ದರು. ಇನ್ನೊಂದು ಬದಿಯಲ್ಲಿ, ಕೆಳಗಿಳಿಸುವ ಸೂತ್ರ ತಗುಲಿದ ಕೆಲವು ತಾಣಗಳಿಗೆ ಗೂಗಲ್‌ನಿಂದ ಬರುವ ಜನ ಬ್ರಿಟನ್ನಿನಲ್ಲಿ ಶೇ 85, ಜರ್ಮನಿಯಲ್ಲಿ ಶೇ 92ರವರೆಗೆ, ಫ್ರಾನ್ಸಿನಲ್ಲಿ ಶೇ 80ರಷ್ಟು ಕಡಿಮೆಯಾಗಿದ್ದರು. ಗೂಗಲ್ ಇದನ್ನು ಒಪ್ಪಲಿಲ್ಲ. ಜನ ನೇರವಾಗಿ ವಸ್ತುವನ್ನೇ ನೋಡಲು ಬಯಸುತ್ತಾರೆ, ನಡುವೆ ಮತ್ತೊಂದು ಹುಡುಕಾಟದ ಪುಟ ಅವರಿಗೆ ಬೇಡ, ನಮ್ಮ ನಿಜವಾದ ಸ್ಪರ್ಧಿ ಅಮೆಜಾನ್ ಎಂಬುದು ಅದರ ವಾದ. ಅಮೆಜಾನ್ ಕುರಿತ ಮಾತಿನಲ್ಲಿ ಹುರುಳಿದೆ. ಈ ವರ್ಷಗಳಲ್ಲಿ ಎಷ್ಟೋ ಜನ ಹುಡುಕಾಟವನ್ನು ಅಮೆಜಾನ್‌ನಲ್ಲೇ ಆರಂಭಿಸತೊಡಗಿದ್ದರು, ಬೆಲೆ ಹೋಲಿಕೆ ತಾಣಗಳ ಕುಸಿತದಲ್ಲಿ ಆ ಬದಲಾವಣೆಯದ್ದೂ ಪಾಲಿರಬಹುದು. ಆದರೆ ಸೂತ್ರ ತಗುಲಿದ ಹೊತ್ತಿಗೇ ಒಮ್ಮೆಲೇ ಬಿದ್ದ ಶೇ 85ಕ್ಕೆ ಆ ಕಾರಣ ಸಾಲದು.

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಏನಾಗುತ್ತಿತ್ತು ಎಂಬುದನ್ನೂ ಹೇಳಬೇಕು, ಏಕೆಂದರೆ ಭಾರತದ ಆನ್‌ಲೈನ್ ವ್ಯಾಪಾರದ ಬೀಜವೂ ಒಂದು ಬೆಲೆ ಹೋಲಿಕೆಯ ಯೋಚನೆಯೇ. ಅಮೆಜಾನ್‌ನ ಬೆಂಗಳೂರು ಕಚೇರಿಯಲ್ಲಿ ಕೆಲಸ ಮಾಡಿದ್ದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ 2007ರಲ್ಲಿ ಮೊದಲು ಕಟ್ಟಹೊರಟದ್ದು ಅಂಗಡಿಯನ್ನಲ್ಲ, ಅಂಗಡಿಗಳನ್ನು ಹೋಲಿಸುವ ತಾಣವನ್ನು. ಹೋಲಿಸಲು ಕೂತರೆ ದೇಶದಲ್ಲಿ ನೆಚ್ಚಬಹುದಾದ ಆನ್‌ಲೈನ್ ಅಂಗಡಿಗಳೇ ಬೆರಳೆಣಿಕೆಯಷ್ಟು. ಹಾಗಾಗಿ ಕೋರಮಂಗಲದ ಫ್ಲ್ಯಾಟ್ ಒಂದರಿಂದ ತಾವೇ ಪುಸ್ತಕ ಮಾರಲು ತೊಡಗಿದರು. ಅದೇ ಫ್ಲಿಪ್‌ಕಾರ್ಟ್. ಅಂಗಡಿಗಳು ಹೆಚ್ಚಿದ ಮೇಲೆ ಹೋಲಿಕೆಯ ತಾಣಗಳು ಇಲ್ಲೂ ಬಂದವು. ವಿದೇಶಿ ಕಂಪನಿಗಳು ಸ್ವಂತ ದಾಸ್ತಾನು ಇಟ್ಟು ಆನ್‌ಲೈನ್‌ನಲ್ಲಿ ಮಾರುವಂತಿಲ್ಲ ಎಂಬ ನಿಯಮವಿದ್ದಾಗ 2012ರ ಫೆಬ್ರವರಿಯಲ್ಲಿ ಅಮೆಜಾನ್ ಭಾರತಕ್ಕೆ ಕಾಲಿಟ್ಟದ್ದೂ ಹೋಲಿಕೆ ತಾಣವಾಗಿಯೇ, ಹದಿನಾಲ್ಕು ವರ್ಷದ ಹಿಂದೆ ಕೊಂಡಿದ್ದ ‘ಜಂಗ್ಲಿ’ ಹೆಸರಿನಲ್ಲಿ. ಆ ಡಿಸೆಂಬರ್‌ನಲ್ಲಿ ಗೂಗಲ್ ಇಲ್ಲಿನ ಅಂಗಡಿಗಳನ್ನು ಒಟ್ಟುಗೂಡಿಸಿ ‘ಗ್ರೇಟ್ ಆನ್‌ಲೈನ್ ಶಾಪಿಂಗ್ ಫೆಸ್ಟಿವಲ್’ ನಡೆಸಿತು. ಮುಂದೆ ಫ್ಲಿಪ್‌ಕಾರ್ಟ್, ಅಮೆಜಾನ್ ತಮ್ಮ ತಮ್ಮ ಹಬ್ಬಗಳನ್ನು ಮಾಡಿಕೊಂಡವು. ಹುಡುಕಾಟದ ಪಕ್ಷಪಾತದ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು. ಮ್ಯಾಟ್ರಿಮನಿ ಡಾಟ್ ಕಾಮ್ ಮತ್ತು ಗ್ರಾಹಕ ಸಂಸ್ಥೆ ‘ಕಟ್ಸ್’ 2012ರಲ್ಲಿ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2018ರ ಫೆಬ್ರವರಿ 8ರಂದು ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. 2010ಕ್ಕೆ ಮುಂಚೆ ಗೂಗಲ್‌ನ ವಿಶೇಷ ಫಲಿತಾಂಶಗಳನ್ನು ಯೋಗ್ಯತೆ ನೋಡದೆ ಒಂದನೆಯ, ನಾಲ್ಕನೆಯ, ಹತ್ತನೆಯ ಸ್ಥಾನಕ್ಕೆ ಮೊದಲೇ ಗೊತ್ತುಪಡಿಸಲಾಗಿತ್ತು ಎಂಬ ಅಂಶ ಆ ಆದೇಶದಲ್ಲಿದೆ. ವಾಷಿಂಗ್ಟನ್‌ನಲ್ಲಿ ಮೈಕ್ ಲೀ ಎತ್ತಿ ತೋರಿಸಿದ ನೇರ ಗೆರೆಯ ಜೊತೆಗಿಟ್ಟು ಇದನ್ನು ಓದಬೇಕು.

ಯುರೋಪಿನ ಆದೇಶದ ನಂತರ ಗೂಗಲ್ ತನ್ನ ಶಾಪಿಂಗ್ ಸೇವೆಯನ್ನು ಪ್ರತ್ಯೇಕ ಘಟಕವಾಗಿಸಿತು. ಪೆಟ್ಟಿಗೆಯಲ್ಲಿನ ಜಾಗಕ್ಕೆ ಉಳಿದ ಹೋಲಿಕೆ ತಾಣಗಳೂ ತನ್ನ ಘಟಕದ ಜೊತೆ ಸಮಾನವಾಗಿ ಹರಾಜಿನಲ್ಲಿ ಕೂಗಬಹುದು ಎಂದಿತು. ಕಾಗದದ ಮೇಲೆ ಇದು ಸಮಾನತೆ. ಆಚರಣೆಯಲ್ಲಿ ಹೋಲಿಕೆ ತಾಣವೆಂದರೆ ಅಂಗಡಿಯ ಜಾಹೀರಾತನ್ನು ಗೂಗಲ್‌ನ ಪೆಟ್ಟಿಗೆಗೆ ಮುಟ್ಟಿಸುವ ಏಜೆಂಟ್ ಎಂಬಂತಾಯಿತು. ಜಾಹೀರಾತು ಏಜೆನ್ಸಿಗಳೇ ಹೆಸರಿಗೊಂದು ಹೋಲಿಕೆ ತಾಣ ತೆರೆದು ಈ ಏರ್ಪಾಟಿನ ಲಾಭ ಪಡೆಯುತ್ತಿರುವುದನ್ನು 2018ರಲ್ಲಿ ಬ್ರಿಟನ್ನಿನ ಸ್ಕೈ ನ್ಯೂಸ್ ಬಯಲಿಗೆಳೆಯಿತು. ಜನ ಆ ತಾಣಗಳಿಗೆ ಹೋಗಿ ಬೆಲೆ ಹೋಲಿಸುತ್ತಿರಲಿಲ್ಲ, ಪೆಟ್ಟಿಗೆಯಲ್ಲಿನ ಚಿತ್ರ ಒತ್ತಿ ನೇರ ಅಂಗಡಿಗೆ ಹೋಗುತ್ತಿದ್ದರು.

ಉಳಿದ ಅಫಿಲಿಯೇಟ್‌ಗಳ ಪಾಡು ಮಿಶ್ರ. ವಸ್ತುವನ್ನು ನಿಜವಾಗಿ ಕೊಂಡು, ಬಳಸಿ, ಪರೀಕ್ಷಿಸಿ ಬರೆಯುವ ದಾರಿ ಹಿಡಿದ ‘ವೈರ್‌ಕಟರ್’ ತಾಣವನ್ನು 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಸುಮಾರು 3 ಕೋಟಿ ಡಾಲರ್ ಕೊಟ್ಟು ಕೊಂಡಿತು. ಕೊರೊನಾ ಲಾಕ್‌ಡೌನ್‌ನಲ್ಲಿ ಜಗತ್ತೆಲ್ಲ ಆನ್‌ಲೈನ್ ಖರೀದಿಗೆ ತಿರುಗಿದ್ದ 2020ರ ಏಪ್ರಿಲ್‌ನಲ್ಲಿ ಎರಡು ಸುದ್ದಿ ಬಂದವು. ಅಮೆಜಾನ್ ಪೀಠೋಪಕರಣಗಳ ಮೇಲಿನ ಅಫಿಲಿಯೇಟ್ ಕಮಿಷನ್ ಅನ್ನು ಶೇ 8ರಿಂದ 3ಕ್ಕೆ, ದಿನಸಿಯದ್ದನ್ನು ಶೇ 5ರಿಂದ 1ಕ್ಕೆ ಇಳಿಸಿತು. ಗೂಗಲ್ ತನ್ನ ಶಾಪಿಂಗ್ ಪುಟದಲ್ಲಿ ಅಂಗಡಿಗಳಿಗೆ ಮತ್ತೆ ಉಚಿತ ಪ್ರವೇಶ ಘೋಷಿಸಿತು. ಅಂಗಡಿಗೂ ಗಿರಾಕಿಗೂ ನಡುವೆ ನಿಂತು ದುಡಿದು ಉಣ್ಣುತ್ತಿದ್ದ ಸಣ್ಣವರಿಗೆ ಎರಡೂ ಕಡೆಯಿಂದ ಜಾಗ ಕಿರಿದಾಯಿತು.

ಫೌಂಡೆಮ್ ಇದನ್ನೆಲ್ಲ ನೋಡಲು ಉಳಿಯಲಿಲ್ಲ. ಆದೇಶ ಬರುವುದಕ್ಕೆ ಒಂದು ವರ್ಷ ಮೊದಲೇ, 2016ರಲ್ಲಿ, ರಾಫ್ ದಂಪತಿ ಅದನ್ನು ಮುಚ್ಚಿದ್ದರು. ಗೂಗಲ್ ಮೇಲ್ಮನವಿ ಹೋಯಿತು. ಲಕ್ಸೆಂಬರ್ಗಿನ ಕೆಳ ನ್ಯಾಯಾಲಯ 2021ರ ನವೆಂಬರ್ 10ರಂದು ದಂಡವನ್ನು ಎತ್ತಿಹಿಡಿಯಿತು. ಅಂತಿಮ ನ್ಯಾಯಾಲಯ 2024ರ ಸೆಪ್ಟೆಂಬರ್ 10ರಂದು ಅದನ್ನೇ ಖಾಯಂ ಮಾಡಿತು. ದೂರು ಕೊಟ್ಟು ಹದಿನೈದು ವರ್ಷ ಸಮೀಪಿಸಿತ್ತು. ದಂಡದ ಹಣ ಐರೋಪ್ಯ ಒಕ್ಕೂಟದ ಬೊಕ್ಕಸಕ್ಕೆ ಹೋಗುತ್ತದೆ, ಮುಚ್ಚಿಹೋದ ತಾಣಗಳಿಗಲ್ಲ. ಪರಿಹಾರ ಬೇಕಿದ್ದವರು ಪ್ರತ್ಯೇಕ ದಾವೆ ಹೂಡಬೇಕು. ಸ್ವೀಡನ್ನಿನ ಪ್ರೈಸ್‌ರನ್ನರ್ 2022ರಲ್ಲಿ ಕನಿಷ್ಠ 210 ಕೋಟಿ ಯೂರೋ ಕೇಳಿ ದಾವೆ ಹೂಡಿತು, ಜರ್ಮನಿಯ ಇದೀಯಾಲೊ, ಕೆಲ್ಕೂ, ಫೌಂಡೆಮ್ ತಮ್ಮ ತಮ್ಮ ದಾವೆ ಹೂಡಿದವು. ಇಂಥ ದಾವೆಗಳಲ್ಲಿ ನ್ಯಾಯಾಧೀಶರು ಬಗೆಹರಿಸಬೇಕಾದ ಲೆಕ್ಕ ವಿಚಿತ್ರವಾದದ್ದು. ತಾಣ ನಾಲ್ಕನೇ ಪುಟಕ್ಕೆ ಬೀಳದೆ ತನ್ನ ಯೋಗ್ಯತೆಯ ಜಾಗದಲ್ಲೇ ಇದ್ದಿದ್ದರೆ ಯಾವ ದೇಶದಿಂದ, ಯಾವ ವರ್ಷ, ಎಷ್ಟು ಜನ ಬರುತ್ತಿದ್ದರು, ಅವರಲ್ಲಿ ಎಷ್ಟು ಮಂದಿ ಮುಂದಿನ ಅಂಗಡಿಗೆ ಕ್ಲಿಕ್ ಮಾಡುತ್ತಿದ್ದರು, ಪ್ರತಿ ಕ್ಲಿಕ್ಕಿಗೆ ಎಷ್ಟು ಪೆನ್ಸ್ ಸಿಗುತ್ತಿತ್ತು ಎಂದು ವರ್ಷಗಳ ನಂತರ ಕೂತು ಎಣಿಸಬೇಕು.